ತಿರುವೈಯಾರಿಗೆ ಹೊರಟವರಿಗೆ: ಪಂಚರತ್ನದ ಬೆಳಗು, ಅದರ ಹಿಂದಿನ ನಾಲ್ಕು ದಿನ

ಕರ್ನಾಟಕ ಸಂಗೀತದ ವಾಗ್ಗೇಯಕಾರ ತ್ಯಾಗರಾಜರ ಸಮಾಧಿ ಇರುವುದು ತಮಿಳುನಾಡಿನ ತಿರುವೈಯಾರಿನಲ್ಲಿ, ಅವರ ಪುಣ್ಯತಿಥಿಗೆ ಅಲ್ಲಿ ನಡೆಯುವ ಸಂಗೀತೋತ್ಸವವೇ ಆರಾಧನೆ. ಅದರ ಹೆಸರು ಕೇಳಿದೊಡನೆ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಟಿ.ವಿ.ಯಲ್ಲಿ ಕಂಡ ಒಂದೇ ನೋಟ. ಎದುರುಬದುರು ಕೂತ ವಿದ್ವಾಂಸರ ಸಾಲುಗಳು, ನಡುವೆ ಸಮಾಧಿಯತ್ತ ಹೋಗುವ ದಾರಿ, ಒಕ್ಕೊರಲಿನ ‘ಜಗದಾನಂದಕಾರಕ’. ಅದೊಂದಕ್ಕಾಗಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು, ಪಂಚರತ್ನದ ಗೋಷ್ಠಿಗಾಯನ (ತ್ಯಾಗರಾಜರ ಐದು ದೊಡ್ಡ ಕೃತಿಗಳನ್ನು ಎಲ್ಲರೂ ಸೇರಿ ಹಾಡುವುದು) ಮುಗಿಯುತ್ತಲೇ ಬಸ್ಸು ಹಿಡಿಯುವವರು ಬಹಳ. ಅವರಿಗೆ ಸಿಗುವುದು ಉತ್ಸವದ ಒಂದು ಗಂಟೆ ಮಾತ್ರ. ಪಂಚರತ್ನ ಹಾಡುವ ದಿನವಾದ ಪಂಚಮಿಗೆ ಮೊದಲಿನ ಎರಡು ದಿನವನ್ನಾದರೂ ಸೇರಿಸಿಕೊಂಡು ಹೋಗಿ. ವರ್ಷಗಳು ಕಳೆದ ಮೇಲೂ ಕಿವಿಯಲ್ಲಿ ಉಳಿಯುವುದು ಆ ದಿನಗಳ ಕಾಲು ಗಂಟೆಯ ಕಛೇರಿಗಳು.

ಮೊದಲು ದಿನ ಗೊತ್ತುಮಾಡಿಕೊಳ್ಳುವ ವಿಚಾರ. ತ್ಯಾಗರಾಜರು ದೇಹ ಬಿಟ್ಟದ್ದು 1847ರ ಜನವರಿ 6ರಂದು, ಪುಷ್ಯ ಬಹುಳ ಪಂಚಮಿ. ಆರಾಧನೆ ತಿಥಿಯ ಪ್ರಕಾರ ನಡೆಯುವುದರಿಂದ ತಾರೀಕು ವರ್ಷವರ್ಷವೂ ಓಡಾಡುತ್ತದೆ: 2023ರಲ್ಲಿ ಜನವರಿ 11, 2024ರಲ್ಲಿ ಜನವರಿ 30, 2025ರಲ್ಲಿ ಜನವರಿ 18. ನಮ್ಮ ಕನ್ನಡ ಕ್ಯಾಲೆಂಡರುಗಳಲ್ಲೂ ಈ ದಿನವನ್ನು ನಮೂದಿಸಿರುತ್ತಾರೆ. ಆದರೆ ತಿಥಿ ಎರಡು ದಿನಕ್ಕೆ ಹಂಚಿಕೊಂಡಾಗ ಒಂದು ಪಂಚಾಂಗಕ್ಕೂ ಇನ್ನೊಂದಕ್ಕೂ ಒಂದು ದಿನದ ವ್ಯತ್ಯಾಸ ಬರಬಹುದು. ಹಾಗಾಗಿ ಉತ್ಸವ ನಡೆಸುವ ಶ್ರೀ ತ್ಯಾಗಬ್ರಹ್ಮ ಮಹೋತ್ಸವ ಸಭೆಯ ಪ್ರಕಟಣೆ ನೋಡಿಯೇ ಟಿಕೆಟ್ ಮಾಡಿಸಿ. ಸಾಮಾನ್ಯವಾಗಿ ಉತ್ಸವ ಐದು ದಿನದ್ದು, ಪಂಚಮಿಯೇ ಕೊನೆಯ ದಿನ. ‘ಪಂಚಮಿಗೆ ಹೋಗಿ ಆಮೇಲೆ ಎರಡು ದಿನ ಕಛೇರಿ ಕೇಳೋಣ’ ಎಂದು ಲೆಕ್ಕ ಹಾಕಿದರೆ ಹೋಗುವ ಹೊತ್ತಿಗೆ ಚಪ್ಪರ ಬಿಚ್ಚುತ್ತಿರುತ್ತಾರೆ.

ತಾರೀಕು ಸಂಕ್ರಾಂತಿಯ ಆಸುಪಾಸಿಗೆ ಬಿದ್ದರೆ ತೊಂದರೆ ಇಮ್ಮಡಿ. ತಮಿಳುನಾಡಿನಲ್ಲಿ ಪೊಂಗಲ್ ಎಂದರೆ ಊರಿಗೆ ಊರೇ ಪ್ರಯಾಣದಲ್ಲಿರುತ್ತದೆ. 2025ರಲ್ಲಿ ಉತ್ಸವ ಶುರುವಾದದ್ದೇ ಪೊಂಗಲ್ ದಿನ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಅಂಥ ವರ್ಷಗಳಲ್ಲಿ ತೆರೆದ ಬೆಳಗ್ಗೆಯೇ ಕೂತು ಮಾಡಿಸಬೇಕು. ಮೈಸೂರಿನಿಂದ ಹೊರಟು ಬೆಂಗಳೂರು, ಸೇಲಂ, ತಿರುಚ್ಚಿ ಮಾರ್ಗವಾಗಿ ತಂಜಾವೂರಿಗೆ ಹೋಗುವ ರಾತ್ರಿ ರೈಲು ನಮ್ಮವರಿಗೆ ಎಲ್ಲಕ್ಕಿಂತ ಅನುಕೂಲ. ಸಂಜೆ ಬೆಂಗಳೂರಿನಲ್ಲಿ ಹತ್ತಿದರೆ ಬೆಳಗಿನ ಜಾವ ತಂಜಾವೂರು. ಅದು ಸಿಗದಿದ್ದರೆ ತಿರುಚ್ಚಿಯವರೆಗೆ ಬಸ್ಸಿನಲ್ಲಿ ಹೋಗಿ. ಅಲ್ಲಿಂದ ತಂಜಾವೂರಿಗೆ ಹಗಲೂ ರಾತ್ರಿ ಬಸ್ಸುಗಳಿವೆ, ದೂರ 60 ಕಿ.ಮೀ. ಒಳಗೇ. ಕಾರಿನಲ್ಲಾದರೆ ಬೆಂಗಳೂರಿನಿಂದ ಸುಮಾರು 400 ಕಿ.ಮೀ.

ಉಳಿದುಕೊಳ್ಳುವುದು ತಂಜಾವೂರಿನಲ್ಲಿ ಇರಲಿ. ತಿರುವೈಯಾರು ಚಿಕ್ಕ ಊರು. ಅಲ್ಲಿನ ಕೊಠಡಿಗಳು ಕಡಿಮೆ, ಉತ್ಸವಕ್ಕೆ ಬರುವ ಕಲಾವಿದರಿಗೇ ಸಾಲುವುದಿಲ್ಲ. ತಂಜಾವೂರಿನಿಂದ ಅಲ್ಲಿಗೆ 12–13 ಕಿ.ಮೀ. ಗಮನಿಸಬೇಕಾದ ಅಂಶವೆಂದರೆ, ದೂರದ ಬಸ್ಸುಗಳು ನಿಮ್ಮನ್ನು ಇಳಿಸುವುದು ಊರಾಚೆಯ ಹೊಸ ಬಸ್ ನಿಲ್ದಾಣದಲ್ಲಿ, ತಿರುವೈಯಾರಿನ ಟೌನ್ ಬಸ್ಸು ಹೊರಡುವುದು ಹಳೆ ಬಸ್ ನಿಲ್ದಾಣದಿಂದ. ಕೋಣೆಯನ್ನು ಹಳೆ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿದರೆ ದಿನಕ್ಕೆರಡು ಆಟೋ ಉಳಿಯುತ್ತದೆ. ಬೋರ್ಡುಗಳು ತಮಿಳಿನಲ್ಲೇ ಇರುತ್ತವೆ. ‘ತಿರುವಯ್ಯಾರ್?’ ಎಂದು ಕಂಡಕ್ಟರನ್ನು ಕೇಳಿದರೆ ಸಾಕು. ದಾರಿಯಲ್ಲಿ ಒಂದರ ಹಿಂದೊಂದು ಸೇತುವೆ ಬರುತ್ತವೆ: ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ, ಆಮೇಲೆ ಕಾವೇರಿ. ತಂಜಾವೂರಿನ ವಡವಾರನ್ನೂ ಸೇರಿಸಿದರೆ ಐದು. ಊರಿನ ದೇವರು ಐಯಾರಪ್ಪರ್, ಅಂದರೆ ಪಂಚನದೀಶ್ವರ. ಬಸ್ಸು ಕೊನೆಯ ಸೇತುವೆ ದಾಟಿತೆಂದರೆ ಇಳಿಯಲು ಸಿದ್ಧರಾಗಿ.

ಇನ್ನು ಕಛೇರಿಗಳು. ಸಮಾಧಿಯ ಬಳಿ, ಕಾವೇರಿಯ ದಡದಲ್ಲಿ, ದೊಡ್ಡ ಚಪ್ಪರ. ಪ್ರವೇಶ ಉಚಿತ, ಯಾವ ಟಿಕೆಟ್ಟೂ ಇಲ್ಲ. ಹಾಡುವವರೂ ಸಂಭಾವನೆಗಾಗಿ ಬರುವುದಿಲ್ಲ, ಅದು ಅವರ ಸೇವೆ. ಪಕ್ಕಪಕ್ಕದಲ್ಲಿ ಎರಡು ವೇದಿಕೆ. ಒಂದರಲ್ಲಿ ಹಾಡು ನಡೆಯುವಾಗ ಇನ್ನೊಂದರಲ್ಲಿ ಮುಂದಿನ ತಂಡ ಕೂತು ಸಿದ್ಧವಾಗುತ್ತದೆ. ಹೀಗಾಗಿ ಬೆಳಗ್ಗೆಯಿಂದ ರಾತ್ರಿ ಹತ್ತು ಹನ್ನೊಂದರವರೆಗೂ ಸಂಗೀತ ಹೆಚ್ಚುಕಡಿಮೆ ಕಡಿಯುವುದೇ ಇಲ್ಲ. ಒಬ್ಬೊಬ್ಬರಿಗೆ 15–20 ನಿಮಿಷ. ಹೆಸರಾಂತ ವಿದ್ವಾಂಸರಿಗೂ ಅಷ್ಟೇ, ಮೊದಲ ಸಲ ಅಲ್ಲಿ ಹಾಡುವ ಹುಡುಗಿಗೂ ಅಷ್ಟೇ. ಮತ್ತು ತ್ಯಾಗರಾಜರ ಕೃತಿಗಳನ್ನು ಬಿಟ್ಟು ಬೇರೇನನ್ನೂ ಹಾಡುವಂತಿಲ್ಲ.

ಈ ಎರಡು ಕಟ್ಟುಪಾಡುಗಳೇ ಅಲ್ಲಿನ ಕೇಳ್ಮೆಯನ್ನು ಬೇರೆಯಾಗಿಸುವುದು. ಮೂರು ಗಂಟೆಯ ಕಛೇರಿಯಲ್ಲಿ ವರ್ಣ ಹಾಡಿ, ಕಂಠ ಹದ ಮಾಡಿಕೊಂಡು, ಒಂದೂವರೆ ಗಂಟೆಯ ನಂತರ ಪ್ರಧಾನ ರಾಗಕ್ಕೆ ಬರುವ ಪದ್ಧತಿಗೆ ಇಲ್ಲಿ ಎಡೆಯಿಲ್ಲ. ಕೂತ ತಕ್ಷಣ ತಮಗೆ ಎಲ್ಲಕ್ಕಿಂತ ಒಗ್ಗಿದ ಕೃತಿಯನ್ನೇ ಎತ್ತಿಕೊಳ್ಳುತ್ತಾರೆ. ಎರಡು ನಿಮಿಷದ ಆಲಾಪನೆ, ಕೃತಿ, ನಾಲ್ಕಾರು ಆವರ್ತ ಕಲ್ಪನಾಸ್ವರ, ಮುಗಿಯಿತು. ಆ ಎರಡು ನಿಮಿಷದಲ್ಲಿ ಖರಹರಪ್ರಿಯವನ್ನು ಪೂರ್ತಿ ಕಟ್ಟಿಕೊಡುವುದು ಎಂಥ ಸಾಧನೆ ಎನ್ನುವುದು ಅಲ್ಲಿ ಕೂತು ಕೇಳಿದರೇ ತಿಳಿಯುವುದು. ಒಂದೇ ಕೃತಿ ಒಂದೇ ಸಂಜೆ ಎರಡು ಮೂರು ಬಾರಿ ಬರುವುದೂ ಉಂಟು. ಆಗ ಬೇಸರಪಡದೆ ಕಾಲಪ್ರಮಾಣ, ಅಂದರೆ ಹಾಡಿನ ವೇಗ, ಗಮನಿಸಿ. ಒಬ್ಬರು ‘ಪಕ್ಕಲ ನಿಲಬಡಿ’ಯನ್ನು ನಿಧಾನಕ್ಕೆ ಬಿಟ್ಟು ಪ್ರತಿ ಸಂಗತಿಯನ್ನೂ ಅರಳಿಸುತ್ತಾರೆ, ಇನ್ನೊಬ್ಬರು ತುಸು ಚುರುಕಾಗಿ ಹಿಡಿದು ಸಾಹಿತ್ಯವನ್ನು ಮುಂದೆ ತರುತ್ತಾರೆ. ಪಾಠಾಂತರ (ಒಂದೊಂದು ಗುರುಪರಂಪರೆಯಲ್ಲಿ ಕೃತಿಯನ್ನು ಹಾಡುವ ಬಗೆ) ಎಂದು ಪುಸ್ತಕದಲ್ಲಿ ಓದಿದ್ದು ಒಂದೇ ಸಂಜೆ ಕಿವಿಯ ಮುಂದೆ ಬಂದು ನಿಲ್ಲುತ್ತದೆ.

ಮುದ್ರಿತ ಕಾರ್ಯಕ್ರಮ ಪಟ್ಟಿ ಸಿಕ್ಕರೆ ಇಟ್ಟುಕೊಳ್ಳಿ, ಆದರೆ ಅದರಲ್ಲಿನ ಹೊತ್ತನ್ನು ನಂಬಿ ಹೊರಗೆ ಹೋಗಬೇಡಿ. ಒಬ್ಬರು ಐದು ನಿಮಿಷ ಹೆಚ್ಚು ತೆಗೆದುಕೊಂಡರೆ, ಒಬ್ಬರು ಬಾರದೇ ಹೋದರೆ, ಪಟ್ಟಿ ಅರ್ಧ ಗಂಟೆ ಹಿಂದುಮುಂದಾಗುತ್ತದೆ. ಕೇಳಲೇಬೇಕೆಂದವರಿದ್ದರೆ ಒಂದು ಗಂಟೆ ಮೊದಲೇ ಕೂತಿರಿ. ಸಂಜೆ ಆರರಿಂದ ಒಂಬತ್ತರವರೆಗೆ ಜನ ಅತಿ ಹೆಚ್ಚು, ಹೆಸರು ಮಾಡಿದ ಕಲಾವಿದರು ಹೆಚ್ಚಾಗಿ ಆಗಲೇ ಬರುತ್ತಾರೆ. ಆದರೆ ಬೆಳಗಿನ ನಾದಸ್ವರವನ್ನು ಯಾವ ಕಾರಣಕ್ಕೂ ಬಿಡಬೇಡಿ. ಅದು ಬಯಲಿನ ವಾದ್ಯ. ಮೈಕಿನ ಪಕ್ಕ ಕೂತರೆ ತವಿಲಿನ ಪೆಟ್ಟು ಮಾತ್ರ ಕೇಳುತ್ತದೆ. ಚಪ್ಪರದ ಹೊರ ಅಂಚಿಗೆ, ಹೊಳೆಯ ಕಡೆಗೆ ಸರಿದು ನಿಂತರೆ ಗಮಕದ ಎಳೆ ಎಳೆಯೂ ಬಿಡಿಸಿಕೊಳ್ಳುತ್ತದೆ.

ಪಂಚಮಿಯ ಬೆಳಗ್ಗೆ ತಂಜಾವೂರಿನಿಂದ ನಾಲ್ಕೂವರೆಗೆ ಹೊರಟು, ಆರರೊಳಗೆ ಚಪ್ಪರದಲ್ಲಿರಬೇಕು. ಪಂಚರತ್ನ ಶುರುವಾಗುವುದು ಒಂಬತ್ತರ ಸುಮಾರಿಗೆ. ಏಳೂವರೆಯ ನಂತರ ಬಂದವರಿಗೆ ನಿಲ್ಲುವ ಜಾಗವೇ ಗತಿ. ವಾಹನಗಳನ್ನು ದೂರದಲ್ಲೇ ತಡೆಯುವುದರಿಂದ ಕೊನೆಯ ಹಾದಿ ನಡಿಗೆ. ಬೆಳಗ್ಗೆ ತಿರುಮಂಜನ ಬೀದಿಯಲ್ಲಿರುವ ತ್ಯಾಗರಾಜರ ಮನೆಯಿಂದ ಉಂಛವೃತ್ತಿ ಭಜನೆ (ಹಾಡುತ್ತ ಭಿಕ್ಷೆ ಎತ್ತುವ ಮೆರವಣಿಗೆ) ಹೊರಟು ಸಮಾಧಿಗೆ ಬರುತ್ತದೆ. ಇಬ್ಬರು ಮೂವರು ಹೋಗಿದ್ದರೆ ಒಬ್ಬರು ಜಾಗ ಹಿಡಿದಿರಿ, ಉಳಿದವರು ಭಜನೆಯ ಜೊತೆ ನಡೆದುಬನ್ನಿ. ಆಮೇಲೆ ಮಂಗಳವಾದ್ಯ, ಕೊಳಲಿನಲ್ಲಿ ಭೈರವಿಯ ‘ಚೇತುಲಾರ’, ಅದರ ಬೆನ್ನಿಗೆ ಗೋಷ್ಠಿಗಾಯನ. ಹಾಡು ಸಾಗುತ್ತಿರುವಂತೆಯೇ ಒಳಗೆ ಅಭಿಷೇಕ ನಡೆಯುತ್ತದೆ.

ಮುಂದಿನ ಸಾಲುಗಳು ವಿದ್ವಾಂಸರಿಗೆ. ಅವುಗಳ ಹಿಂದೆ ಕೂತು ದನಿಗೂಡಿಸಲು ಯಾರ ಅಪ್ಪಣೆಯೂ ಬೇಡ, ಪಾಠ ಬರಬೇಕು ಅಷ್ಟೇ. ಐದೂ ಆದಿತಾಳ. ರಾಗಗಳ ಕ್ರಮ ಬದಲಾಗುವುದಿಲ್ಲ: ನಾಟ, ಗೌಳ, ಆರಭಿ, ವರಾಳಿ, ಶ್ರೀ. ಪ್ರತಿ ಚರಣದಲ್ಲೂ ಮೊದಲು ಸ್ವರ, ಆಮೇಲೆ ಅದೇ ಧಾತುವಿಗೆ, ಅಂದರೆ ಅದೇ ಮಟ್ಟಿಗೆ, ಸಾಹಿತ್ಯ. ಮೊದಲ ಕೃತಿ ಸಂಸ್ಕೃತ, ಉಳಿದ ನಾಲ್ಕು ತೆಲುಗು. ಸ್ವರ–ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿ. ಅಷ್ಟು ಜನ ಸೇರಿದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಬಿಸಿಲೇರಿದ ಮೇಲೆ ಮೊಬೈಲ್ ಪರದೆ ಕಾಣುವುದೂ ಇಲ್ಲ.

ಹೊಸಬರು ಎಡವುವ ಜಾಗಗಳು ಗೊತ್ತಿರುವಂಥವೇ. ನಾಟದಲ್ಲಿ ಉತ್ಸಾಹಕ್ಕೆ ಕಾಲ ಏರಿಬಿಡುತ್ತದೆ, ಏರಿಸಬೇಡಿ, ಇನ್ನೂ ನಾಲ್ಕು ಕೃತಿ ಇವೆ. ಗೌಳದ ರಿಷಭ ತೀರಾ ಕೆಳಗೆ ನಿಲ್ಲಬೇಕು, ಗುಂಪಿನಲ್ಲಿ ಅದು ಮೇಲಕ್ಕೆ ಜಾರುತ್ತದೆ. ಆರಭಿಯ ‘ಸಾಧಿಂಚೆನೆ’ಯಲ್ಲಿ ಚರಣ ಮುಗಿದಾಗಲೆಲ್ಲ ಹಿಂದಿರುಗುವುದು ‘ಸಮಯಾನಿಕಿ ತಗು ಮಾಟಲಾಡೆನೆ’ಗೆ. ಪಲ್ಲವಿಗೆ ಹಾರಿದರೆ ಸುತ್ತಲಿನವರೂ ತಪ್ಪುತ್ತಾರೆ. ವರಾಳಿಗೆ ಬರುವಾಗ ದನಿಗಳು ಇದ್ದಕ್ಕಿದ್ದಂತೆ ಕಡಿಮೆಯಾಗುತ್ತವೆ. ಆ ರಾಗವನ್ನು ಗುರು ಶಿಷ್ಯರಿಗೆ ನೇರವಾಗಿ ಹೇಳಿಕೊಟ್ಟರೆ ಅವರ ನಡುವೆ ವಿರಸ ಬರುತ್ತದೆಂಬ ಹಳೆಯ ನಂಬಿಕೆಯಿಂದ ಅನೇಕರು ಅದನ್ನು ಪಾಠ ಮಾಡಿಕೊಂಡಿರುವುದಿಲ್ಲ. ಸಂಗೀತದ ಕಾರಣವೂ ಒಂದಿದೆ: ಐದು ರಾಗಗಳಲ್ಲಿ ಪ್ರತಿಮಧ್ಯಮ (ಮೇಲಿನ ‘ಮ’ ಸ್ವರ) ಇರುವುದು ವರಾಳಿಗೆ ಮಾತ್ರ. ಮೂರು ಕೃತಿಗಳುದ್ದಕ್ಕೂ ಶುದ್ಧಮಧ್ಯಮ ಹಾಡಿದ ಕಂಠ ಅಲ್ಲಿಗೆ ಸುಲಭವಾಗಿ ಹೊರಳುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಆರಭಿಯನ್ನು ಮುಗಿಸಿ ತಡವಿಲ್ಲದೆ ವರಾಳಿ ಎತ್ತಿಕೊಳ್ಳುವುದನ್ನೇ ರೂಢಿ ಮಾಡಿಕೊಳ್ಳಿ.

ಹಿಂದೆ ಕೂತವರಿಗೆ ಇನ್ನೊಂದು ತೊಡಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 35 ಮೀಟರ್ ಹಿಂದೆ ಕೂತರೆ ಮುಂದಿನ ಸಾಲಿನ ದನಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬರುತ್ತದೆ, ಪಕ್ಕದ ಸ್ಪೀಕರಿನದು ಅದಕ್ಕೆ ಮೊದಲೇ ಬಂದಿರುತ್ತದೆ. ಎರಡನ್ನೂ ಕೇಳುತ್ತ ತಾಳ ಹಾಕಿದರೆ ಎಲ್ಲೂ ನಿಲ್ಲುವುದಿಲ್ಲ. ಹತ್ತಿರದ ಸ್ಪೀಕರ್ ಒಂದನ್ನೇ ನಂಬಿ. ಗಂಡಸರು ಹೆಂಗಸರು ಎಲ್ಲರಿಗೂ ಒಂದೇ ಶ್ರುತಿಯಾದ್ದರಿಂದ ಕಂಠಕ್ಕೆ ನಿಲುಕದ ಕಡೆ ಬಲವಂತ ಮಾಡದೆ ಸ್ಥಾಯಿ ಬದಲಿಸಿ, ಇಲ್ಲವೇ ಸುಮ್ಮನೆ ತಾಳ ಹಾಕಿ.

ಗೋಷ್ಠಿ ಮುಗಿದೊಡನೆ ಎದ್ದು ಹೋಗಬೇಡಿ. ಜನರೆಲ್ಲ ಒಮ್ಮೆಗೇ ಬಸ್ಸಿನ ಕಡೆ ನುಗ್ಗುವ ಹೊತ್ತು ಅದು. ಮಧ್ಯಾಹ್ನ ಒಂದು ಗಂಟೆಯವರೆಗೆ ಕೂತರೆ ನೂಕುನುಗ್ಗಲೂ ತಗ್ಗುತ್ತದೆ, ಅರೆ ಖಾಲಿಯಾದ ಚಪ್ಪರದಲ್ಲಿ ಮುಂದಿನ ಸಾಲಿಗೇ ಸರಿದು ಹಲವು ಕಛೇರಿ ಕೇಳಲೂ ಆಗುತ್ತದೆ. ಈ ನಡುವೆ ಸಮಾಧಿಗೆ ಎದುರಾಗಿರುವ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಸ್ಮಾರಕಕ್ಕೆ ಕೈ ಮುಗಿಯಿರಿ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಈ ತಾಯಿ, ಪಾಳುಬಿದ್ದಿದ್ದ ಸಮಾಧಿಗೆ ತಮ್ಮ ಗಳಿಕೆಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದರು. ಹೆಂಗಸರಿಗೆ ಅಲ್ಲಿ ಹಾಡುವ ಅವಕಾಶವಿಲ್ಲದ ಕಾಲದಲ್ಲಿ ಹೆಂಗಸರದೇ ಆರಾಧನೆಯನ್ನು ಬೇರೆಯಾಗಿ ನಡೆಸಿದರು. ಆರಾಧನೆಯನ್ನು ಬೇರೆ ಬೇರೆಯಾಗಿ ನಡೆಸುತ್ತಿದ್ದ ಬಣಗಳೆಲ್ಲ ಒಂದಾದದ್ದು 1940ರ ಹೊತ್ತಿಗೆ. ಈಗ ಆ ಸಾಲುಗಳಲ್ಲಿ ಕೂತು ಹಾಡುವ ಪ್ರತಿ ಹೆಣ್ಣು ದನಿಗೂ ಅವರ ಋಣವಿದೆ. ನಮ್ಮ ಊರಿನಿಂದ ಹೋದವರು ಅದನ್ನು ನೋಡದೆ ಬರುವುದು ನಿಜಕ್ಕೂ ಸಂಕಟದ ಸಂಗತಿ.

ಜನವರಿಯಲ್ಲಿ ಬೆಳಗಿನ ಜಾವ ಮಂಜು, ಮಧ್ಯಾಹ್ನ ಒಳ್ಳೆ ಬಿಸಿಲು. ಹಿಂಗಾರು ಆಗಷ್ಟೇ ಮುಗಿದಿರುವುದರಿಂದ ನೆಲದ ತೇವ ಜಮಖಾನೆಯ ಮೂಲಕವೂ ಏರುತ್ತದೆ. ಮಡಚುವ ಪ್ಲಾಸ್ಟಿಕ್ ಚಾಪೆ, ಶಾಲು, ಸೊಳ್ಳೆಯ ಮುಲಾಮು, ನೀರು ಕೈಚೀಲದಲ್ಲಿರಲಿ. ಚಪ್ಪಲಿಯನ್ನು ಚೀಲದಲ್ಲೇ ಇಟ್ಟುಕೊಳ್ಳಿ, ಹೊರಗೆ ಬಿಟ್ಟರೆ ರಾಶಿಯಲ್ಲಿ ಹುಡುಕಬೇಕು. ಶೌಚಾಲಯಕ್ಕೆ ಪಂಚಮಿಯ ದಿನ ಉದ್ದ ಸಾಲು ಇರುತ್ತದೆ, ವಯಸ್ಸಾದವರನ್ನು ಕರೆದೊಯ್ಯುವುದಾದರೆ ಅವರನ್ನು ಚಪ್ಪರದ ಅಂಚಿನಲ್ಲೇ ಕೂರಿಸಿ. ಮಂಡಿನೋವಿನವರಿಗೆ ಮೊದಲ ನಾಲ್ಕು ದಿನಗಳೇ ಹಿತ, ಬೇಕೆಂದಾಗ ಎದ್ದು ಓಡಾಡಬಹುದು. ಮೆಟ್ಟೂರು ಅಣೆಕಟ್ಟಿನಿಂದ ನೀರಾವರಿಗೆ ನೀರು ಬಿಡುವುದನ್ನು ವಾಡಿಕೆಯಂತೆ ಜನವರಿ 28ಕ್ಕೆ ನಿಲ್ಲಿಸುತ್ತಾರೆ. ಆರಾಧನೆ ತಿಂಗಳ ಮೊದಲರ್ಧದಲ್ಲಿ ಬಂದರೆ ಕಾವೇರಿಯಲ್ಲಿ ಹರಿವು ಇರುವ ಸಂಭವ ಹೆಚ್ಚು. ಮೀಯಲು ಇಳಿಯುವವರು ಮೆಟ್ಟಿಲಿರುವ ಕಡೆಯೇ ಇಳಿಯಿರಿ.

ಊರಿನ ಹೆಸರುವಾಸಿ ತಿನಿಸು ಅಶೋಕ ಹಲ್ವ, ಹೆಸರುಬೇಳೆ, ಸಕ್ಕರೆ, ತುಪ್ಪದ್ದು. ಬಿಸಿಯಾಗಿ ಅಲ್ಲೇ ತಿಂದರೆ ರುಚಿ. ಪಂಚಮಿಯ ಮಧ್ಯಾಹ್ನ ಅಂಗಡಿಯ ಮುಂದೆ ನಿಲ್ಲಲೂ ಆಗುವುದಿಲ್ಲ, ಹಿಂದಿನ ದಿನವೇ ಕಟ್ಟಿಸಿಕೊಳ್ಳಿ.

ಹಿಂದಿರುಗುವ ಟಿಕೆಟ್ಟನ್ನು ಪಂಚಮಿಯ ಸಂಜೆಗೆ ಮಾಡಿಸಬೇಡಿ, ಮರುದಿನಕ್ಕೆ ಮಾಡಿಸಿ. ಕೊನೆಯ ರಾತ್ರಿಯ ಕಛೇರಿಗಳು ಸಿಗುತ್ತವೆ, ಮರುದಿನ ಬೆಳಗ್ಗೆ ತಿರುಮಂಜನ ಬೀದಿಯ ಮನೆಯನ್ನು ನೂಕುನುಗ್ಗಲಿಲ್ಲದೆ ನೋಡಬಹುದು, ಆಮೇಲೆ ತಂಜಾವೂರಿನ ದೊಡ್ಡ ದೇವಾಲಯಕ್ಕೂ ಸರಸ್ವತಿ ಮಹಲ್ ಗ್ರಂಥಾಲಯದ ವಸ್ತುಸಂಗ್ರಹಾಲಯಕ್ಕೂ ಸಮಯವಿರುತ್ತದೆ. ಕೊನೆಯ ರಾತ್ರಿ ತಂಜಾವೂರಿಗೆ ಮರಳುವ ಬಸ್ಸು ತಡವಾಗಿ ಸಿಗುವುದು ಕಷ್ಟ, ಆ ಒಂದು ರಾತ್ರಿಗೆ ಆಟೋವನ್ನು ಸಂಜೆಯೇ ಮಾತಾಡಿಟ್ಟುಕೊಳ್ಳಿ.