6 ಲಕ್ಷಕ್ಕೆ ಬೆಂಜ್ ಸಿಗ್ತಿದೆ, ತಗೊಳ್ಳಲಾ?

ಈ ಪ್ರಶ್ನೆ ನನಗೆ ಹೆಚ್ಚಾಗಿ ವಾಟ್ಸಾಪ್‌ನಲ್ಲಿ ಬರುತ್ತದೆ, ಜೊತೆಗೆ ನಾಲ್ಕೈದು ಫೋಟೋ. ಕಪ್ಪು ಇಲ್ಲಾ ಬೆಳ್ಳಿ ಬಣ್ಣದ ಹಳೇ ಇ-ಕ್ಲಾಸ್, ತೊಳೆದು ಪಾಲಿಶ್ ಹೊಡೆದು ಯಾವುದೋ ಪಾರ್ಕ್ ಮುಂದೆ ನಿಲ್ಲಿಸಿರುತ್ತಾರೆ. ಕೆಳಗೆ ಒಂದು ಸಾಲು: "ಡಾಕ್ಟರ್ ಗಾಡಿ, ಸಿಂಗಲ್ ಓನರ್, ಬರೀ 48 ಸಾವಿರ ಓಡಿದೆ." ನನ್ನ ಹತ್ತಿರ 2008ರ ಇ 280 ಸಿಡಿಐ, ಅಂದರೆ ಡೀಸೆಲ್ ಇ-ಕ್ಲಾಸ್, ಇದೆ ಅನ್ನುವುದು ಆಫೀಸಿನವರಿಗೆ, ನೆಂಟರಿಗೆ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ತಮ್ಮನಿಗೂ ಗೊತ್ತು. ಹಾಗಾಗಿ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಹೊಸ ಸ್ವಿಫ್ಟ್ ದುಡ್ಡಿಗೆ ಬೆಂಜ್ ಬರುವಾಗ ಯಾಕೆ ಬಿಡಬೇಕು, ಅಲ್ವಾ?

ನನ್ನ ಉತ್ತರ: ತಗೊಳ್ಳಿ, ಆದರೆ ಆ ಫೋಟೋದಲ್ಲಿರುವ ಗಾಡಿ ಬೇಡ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. 6 ಲಕ್ಷ ಅನ್ನುವುದು ಆ ಗಾಡಿಯ ಇವತ್ತಿನ ಬೆಲೆ. ಅದರ ಹೆಡ್‌ಲೈಟು, ಇಂಜೆಕ್ಟರು, ಬಂಪರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಅವೆಲ್ಲ ಹೊಸದರಲ್ಲಿ 40 ಲಕ್ಷದ ಆಸುಪಾಸಿನಲ್ಲಿದ್ದ ಕಾರಿನ ಪಾರ್ಟ್ಸ್, ಇವತ್ತಿಗೂ ಅದೇ ದರ್ಜೆಯ ಬೆಲೆ ಕೇಳುತ್ತವೆ. 2025ರ ಸೆಪ್ಟೆಂಬರ್ 22ರಿಂದ ಪಾರ್ಟ್ಸ್ ಮೇಲಿನ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿದೆ, ಅದೊಂದು ಸಮಾಧಾನ.

ಇನ್ಶೂರೆನ್ಸ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ಆದರೆ ಇಷ್ಟು ಹಳೇ ಗಾಡಿಗೆ ಝೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಪಾರ್ಟ್ಸ್ ದುಡ್ಡು ಕೊಡುವ ಪಾಲಿಸಿ, ಸಿಗುವುದು ಕಷ್ಟ. ಅದಿಲ್ಲದ ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಪಾರ್ಟ್ಸ್‌ಗೆ ಅರ್ಧ ದುಡ್ಡು ಕೈಯಿಂದಲೇ ಹೋಗುತ್ತದೆ, 10 ವರ್ಷ ದಾಟಿದ ಗಾಡಿಯ ಲೋಹದ ಪಾರ್ಟ್ಸ್‌ಗೂ ಅರ್ಧ. ಆಟೋದವನು ಸುಮ್ನೆ ಒಂದು ಸಲ ಬಂಪರ್ ಮುಟ್ಟಿಸಿ ಹೋದರೆ ಸಾಕು, ಈ ಅರ್ಧ ಅಂದರೆ ಎಷ್ಟು ಅಂತ ಗೊತ್ತಾಗುತ್ತದೆ.

ಈಗ ಆ "ಬರೀ 48 ಸಾವಿರ" ವಿಷಯಕ್ಕೆ ಬರೋಣ. ಎಲ್ಲರೂ ಮರುಳಾಗುವುದು ಇಲ್ಲೇ, ನನಗೆ ಭಯ ಆಗುವುದೂ ಇಲ್ಲೇ. ಬೆಂಗಳೂರು ಟ್ರಾಫಿಕ್‌ನಲ್ಲಿ ಸರಾಸರಿ ಗಂಟೆಗೆ 15 ಕಿಲೋಮೀಟರ್ ಅಂತ ಹಿಡಿಯಿರಿ. 48 ಸಾವಿರ ಓಡಲು ಇಂಜಿನ್ 3,200 ಗಂಟೆ ಆನ್ ಇರಬೇಕು. ಅದೇ 3,200 ಗಂಟೆ ಹೈವೇಯಲ್ಲಿ 60ರ ಸರಾಸರಿಯಲ್ಲಿ ಓಡಿದ್ದರೆ ಮೀಟರ್ 1,92,000 ತೋರಿಸುತ್ತಿತ್ತು. ಇಂಜಿನ್ ಪಟ್ಟ ಪಾಡು ಹೆಚ್ಚುಕಡಿಮೆ ಒಂದೇ, ಮೀಟರಿನಲ್ಲಿ ಮಾತ್ರ ಕಾಣುವುದಿಲ್ಲ. ಇನ್ನು ಆ ಗಾಡಿ ನಿಜವಾಗಿಯೂ ಓಡದೆ ಬೇಸ್‌ಮೆಂಟಿನಲ್ಲೇ ನಿಂತಿದ್ದರೆ ಇನ್ನೂ ಕಷ್ಟ. ಯಾಕೆಂದರೆ ಈ ವಯಸ್ಸಿನ ಗಾಡಿಯಲ್ಲಿ ಹಾಳಾಗುವುದು ಕಬ್ಬಿಣ ಅಲ್ಲ, ರಬ್ಬರು ಮತ್ತು ಪ್ಲಾಸ್ಟಿಕ್ಕು. ಸೀಲು, ಹೋಸು, ಬುಷ್ಷು, ಇಂಜಿನ್ ಕೂರುವ ರಬ್ಬರ್ ಫೌಂಡೇಶನ್ನು, ವೈರಿನ ಮೇಲಿನ ಹೊದಿಕೆ. ಇವಕ್ಕೆ ಕಿಲೋಮೀಟರ್ ಲೆಕ್ಕ ಇಲ್ಲ, ವರ್ಷದ ಲೆಕ್ಕ.

ನನ್ನ ಗಾಡಿಯ ಇಂಜಿನ್ನನ್ನೇ ತಗೊಳ್ಳಿ. ಒಎಂ642 ಅಂತ ಅದರ ಹೆಸರು, 3 ಲೀಟರ್ ವಿ6 ಡೀಸೆಲ್. ಗಟ್ಟಿ ಇಂಜಿನ್ ಅಂತ ಒಳ್ಳೆ ಹೆಸರಿದೆ, ನನಗೂ ಅದರ ಮೇಲೆ ಪ್ರೀತಿ. ಅದರ ಎರಡು ಸಾಲು ಸಿಲಿಂಡರ್‌ಗಳ ನಡುವಿನ ಹಳ್ಳದಲ್ಲಿ ಆಯಿಲ್ ಕೂಲರ್ ಕೂತಿದೆ. ಅದರ ಕೆಳಗೆ ರಬ್ಬರಿನ ಸೀಲ್‌ಗಳು. ವರ್ಷಗಟ್ಟಲೆ ಬಿಸಿ ತಿಂದು ಅವು ಗಟ್ಟಿಯಾಗುತ್ತವೆ, ಆಮೇಲೆ ಆಯಿಲ್ ಸೋರಲು ಶುರು. ಸೀಲ್‌ನ ಬೆಲೆ ಪಾರ್ಟ್ಸ್ ಲೆಕ್ಕದಲ್ಲಿ ಚಿಲ್ಲರೆ ಕಾಸು. ಆದರೆ ಅಲ್ಲಿಗೆ ಕೈ ಹಾಕಬೇಕಾದರೆ ಟರ್ಬೋ ಬಿಚ್ಚಬೇಕು, ಇನ್‌ಟೇಕ್ ಮ್ಯಾನಿಫೋಲ್ಡ್ ಎತ್ತಬೇಕು, ಗಾಡಿ ದಿನಗಟ್ಟಲೆ ಗ್ಯಾರೇಜಿನಲ್ಲಿ ಕೂರಬೇಕು. ಹಳೇ ಸೀಲ್ ಕಿತ್ತಳೆ ಬಣ್ಣದ್ದು, ಆಮೇಲೆ ಬಂದ ಸುಧಾರಿಸಿದ ಸೀಲ್ ನೇರಳೆ ಬಣ್ಣದ್ದು. ಹಾಗಾಗಿ ಈ ಇಂಜಿನ್ ಇರುವ ಗಾಡಿ ಮಾರುವವರಿಗೆ ನಾನು ಕೇಳಿಸುವ ಮೊದಲ ಪ್ರಶ್ನೆ, "ಆಯಿಲ್ ಕೂಲರ್ ಸೀಲ್ ಆಗಿದೆಯಾ, ಬಿಲ್ ಇದೆಯಾ?" ಅಂತ. ಅದೇ ಹಳ್ಳದಲ್ಲಿ ಇನ್ನೊಂದು ತಮಾಷೆ ಇದೆ. ಟರ್ಬೋದ ಗಾಳಿ ಬಾಯಿಯಲ್ಲಿ ಒಂದು ರಬ್ಬರ್ ರಿಂಗ್, ಅದು ಸೋತರೆ ಆಯಿಲ್ ತೊಟ್ಟಿಕ್ಕಿ ಸೀದಾ ಕೆಳಗಿರುವ ಸ್ವರ್ಲ್ ಫ್ಲ್ಯಾಪ್ ಮೋಟರ್ (ಇಂಜಿನ್ನಿಗೆ ಹೋಗುವ ಗಾಳಿಯನ್ನು ಸುಳಿಯಾಗಿಸುವ ರೆಕ್ಕೆಗಳ ಮೋಟರ್) ಮೇಲೆ ಬೀಳುತ್ತದೆ. ರಿಂಗ್‌ಗೆ ನೂರುಗಳ ಲೆಕ್ಕ, ಮೋಟರ್‌ಗೆ ಸಾವಿರಗಳ ಲೆಕ್ಕ. ರಿಂಗ್ ಯಾರೂ ಮುಂಚೆ ಬದಲಿಸುವುದಿಲ್ಲ.

ಆದ್ದರಿಂದ ಒಂದೂವರೆ ಲಕ್ಷ ಓಡಿ ಇಷ್ಟು ದಪ್ಪ ಬಿಲ್ ಫೈಲ್ ಇರುವ ಗಾಡಿಯನ್ನು, 48 ಸಾವಿರ ಓಡಿ ಫೈಲೇ ಇಲ್ಲದ ಗಾಡಿಗಿಂತ ಒಂದು ಲಕ್ಷ ಜಾಸ್ತಿ ಕೊಟ್ಟಾದರೂ ತಗೊಳ್ಳಿ. ಹಿಂದಿನ ಓನರ್ ಖರ್ಚು ಮಾಡಿದ್ದು ನಿಮಗೆ ಅರ್ಧ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಅವರು ಖರ್ಚು ಮಾಡದೆ ಬಿಟ್ಟಿದ್ದು ನಿಮಗೆ ಪೂರ್ತಿ ಬೆಲೆಗೆ ಕಾದಿರುತ್ತದೆ.

ಇದೇ ಮಾಡೆಲ್‌ನಲ್ಲಿ, ಅಂದರೆ 2002ರಿಂದ 2009ರವರೆಗೆ ಬಂದ ಡಬ್ಲ್ಯು211ರಲ್ಲಿ, ಯಾವ ವರ್ಷದ್ದು ಅನ್ನುವುದೂ ಮುಖ್ಯ. 2006ರಲ್ಲಿ ಮುಖ ಬದಲಾಯಿಸುವ ಮೊದಲು ಬಂದ ಗಾಡಿಗಳಲ್ಲಿ ಎಸ್‌ಬಿಸಿ ಅನ್ನುವ ಎಲೆಕ್ಟ್ರಾನಿಕ್ ಬ್ರೇಕ್ ಇತ್ತು. ನೀವು ಪೆಡಲ್ ಒತ್ತಿದರೆ ಕಂಪ್ಯೂಟರ್ ಅದನ್ನು ಅರ್ಥ ಮಾಡಿಕೊಂಡು ಪಂಪಿನಿಂದ ಬ್ರೇಕ್ ಹಾಕಿಸುತ್ತದೆ. ಈ ಪಂಪು ನೀವು ಎಷ್ಟು ಸಲ ಬ್ರೇಕ್ ಒತ್ತಿದಿರಿ ಅಂತ ಎಣಿಸುತ್ತಾ ಹೋಗುತ್ತದೆ, ನಿಗದಿ ಮಾಡಿದ ಸಂಖ್ಯೆ ಮುಟ್ಟಿದರೆ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ದೀಪ. ಬೆಂಜ್‌ನ ಊರು ಸ್ಟುಟ್‌ಗಾರ್ಟ್‌ನಲ್ಲಿ ಕೂತು ಆ ಸಂಖ್ಯೆ ನಿಗದಿ ಮಾಡಿದವರು ಸಂಜೆ ಆರೂವರೆಯ ಸಿಲ್ಕ್ ಬೋರ್ಡ್ ನೋಡಿರಲಿಕ್ಕಿಲ್ಲ. 2004 ಮತ್ತು 2005ರಲ್ಲಿ ಈ ಬ್ರೇಕಿಗಾಗಿ ದೊಡ್ಡ ರೀಕಾಲ್‌ಗಳೇ ಆದವು, 2006ರಲ್ಲಿ ಮಾಮೂಲಿ ಹೈಡ್ರಾಲಿಕ್ ಬ್ರೇಕ್ ವಾಪಸ್ ಬಂತು. ಹಾಗಾಗಿ 2006ರ ನಂತರದ್ದನ್ನೇ ನೋಡಿ. ಪೆಟ್ರೋಲ್ ವಿ6 ಆದರೆ ಆರಂಭದ ಇಂಜಿನ್‌ಗಳಲ್ಲಿ ಬ್ಯಾಲೆನ್ಸ್ ಶಾಫ್ಟ್ (ಇಂಜಿನ್ ಅದುರದಂತೆ ನೋಡಿಕೊಳ್ಳುವ ದಂಡ) ಗೇರ್ ಸವೆಯುವ ತೊಂದರೆ ಇದೆ, ಇಂಜಿನ್ ನಂಬರ್ ಚೆಕ್ ಮಾಡಿಸದೆ ಅಡ್ವಾನ್ಸ್ ಕೊಡಬೇಡಿ. ಹಳೇ ಎಸ್-ಕ್ಲಾಸ್ ಇನ್ನೂ ಅಗ್ಗಕ್ಕೆ ಸಿಗುತ್ತದೆ ಅಂತ ಅತ್ತ ಹೋಗುವವರಿಗೆ ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ಚೀಲ, ಕೆಟ್ಟರೆ ದೊಡ್ಡ ಬಿಲ್) ಅನ್ನುವ ಎರಡು ಪದ ಹೇಳಿ ಸುಮ್ಮನಾಗುತ್ತೇನೆ.

ಗಾಡಿ ನೋಡಲು ಹೋದಾಗ ಬೆಳಗ್ಗೆಯೇ ಹೋಗಿ, ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿ. ತಣ್ಣಗಿರುವ ಇಂಜಿನ್ ಸುಳ್ಳು ಹೇಳುವುದಿಲ್ಲ. ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ, ಈ ಮಾಡೆಲ್‌ನಲ್ಲಿ ಮುಖ್ಯ ಬ್ಯಾಟರಿ ಅಲ್ಲೇ ಇರುತ್ತದೆ, ನೀರು ಬಂದಿದ್ದರೆ ಗುರುತು ಅಲ್ಲೇ ಸಿಗುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಕೊನೆವರೆಗೆ ಎಳೆಯಿರಿ. ತುದಿಯಲ್ಲಿ ಮಣ್ಣಿನ ಗೆರೆ ಕಂಡರೆ ಟೀ ಕುಡಿದು ವಾಪಸ್ ಬನ್ನಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಎಂಥೆಂಥ ಗಾಡಿಗಳು ನೀರಿನಲ್ಲಿ ಮುಳುಗಿದ್ದವು ಅಂತ ಎಲ್ಲರೂ ಟಿವಿಯಲ್ಲಿ ನೋಡಿದ್ದೇವಲ್ಲ. ಟೈರ್ ಮೇಲಿನ ನಾಲ್ಕು ಅಂಕಿ ಓದಿ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಬಟನ್ ಸವೆಯದೆ ಚೆನ್ನಾಗಿದ್ದರೂ ಏಳೆಂಟು ವರ್ಷದ ಟೈರ್ ಅಂದರೆ ನಾಲ್ಕೂ ಹೊಸದು ಅಂತ ಲೆಕ್ಕ ಹಾಕಿ ಬೆಲೆ ಇಳಿಸಿ. ಕೊನೆಗೆ ಬೆಂಜ್ ಸ್ಕ್ಯಾನರ್ ಇರುವವರಿಂದ ಪೂರ್ತಿ ಸ್ಕ್ಯಾನ್. ಮಾರುವವರು ಸ್ಕ್ಯಾನ್‌ಗೆ ಒಪ್ಪದಿದ್ದರೆ ಅದೇ ರಿಪೋರ್ಟ್ ಅಂತ ತಿಳಿಯಿರಿ.

ಬೆಲೆ ತೀರಾ ಕಡಿಮೆ ಇದ್ದರೆ ನಂಬರ್ ಪ್ಲೇಟ್ ನೋಡಿ, ಹೆಚ್ಚಾಗಿ ಡಿಎಲ್ ಇರುತ್ತದೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಅಗ್ಗದ ಗಾಡಿಗಳು ದಕ್ಷಿಣಕ್ಕೆ ಬರುತ್ತಲೇ ಇವೆ. ಗಾಡಿ ಕೆಟ್ಟದ್ದು ಅಂತಲ್ಲ. ಆದರೆ ಎನ್‌ಒಸಿ ತರಬೇಕು, ಇಲ್ಲಿ ಕೆಎ ನಂಬರ್ ಮಾಡಿಸಬೇಕು, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ದಾಟಿದ ಕಾರಿಗೆ ನಮ್ಮಲ್ಲಿ ಟ್ಯಾಕ್ಸ್ ಶೇ. 18, ಅದರ ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸಿನ ಲೆಕ್ಕದಲ್ಲಿ ಕಡಿಮೆಯಾಗುತ್ತದೆ ನಿಜ, ಆದರೆ ಲೆಕ್ಕ ಶುರುವಾಗುವುದು ಅದರ ಹೊಸ ಬೆಲೆಯಿಂದ, ನೀವು ಕೊಟ್ಟ 6 ಲಕ್ಷದಿಂದ ಅಲ್ಲ. ಆರ್‌ಟಿಒ ಕಣ್ಣಿನಲ್ಲೂ ಅದು ಇನ್ನೂ 40 ಲಕ್ಷದ ಕಾರೇ. ಜೊತೆಗೆ 15 ವರ್ಷ ಆದ ಗಾಡಿಗೆ ಆರ್‌ಸಿ ರಿನ್ಯೂ ಮಾಡಿಸಬೇಕು, ಅದು ಐದು ವರ್ಷಕ್ಕೆ. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ, 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಮಾಡಿದ್ದಾರೆ. ಗ್ರೀನ್ ಟ್ಯಾಕ್ಸ್ ಬೇರೆ. ಇದು ದೊಡ್ಡ ದುಡ್ಡಲ್ಲ, ಓಡಾಟ ಜಾಸ್ತಿ ಅಷ್ಟೇ.

ಇಷ್ಟೆಲ್ಲ ನೋಡುವ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಮೆಕ್ಯಾನಿಕ್ ಹುಡುಕುವುದು. ಗಾಡಿ ಆಮೇಲೆ. ಕಂಪನಿ ಸರ್ವಿಸ್ ಸೆಂಟರ್‌ಗೇ ಹೋಗುತ್ತೇನೆ ಅಂದರೆ ಹೋಗಬಹುದು, ಆದರೆ ಈ ವಯಸ್ಸಿನ ಗಾಡಿಗೆ ಅಲ್ಲಿನ ಬಿಲ್ ನೋಡಿದರೆ ಗಾಡಿ ಮೇಲಿನ ಪ್ರೀತಿ ಬೇಗ ಇಳಿಯುತ್ತದೆ. ಬೆಂಗಳೂರಿನಲ್ಲಿ ನಮ್ಮ ಪುಣ್ಯಕ್ಕೆ ಜರ್ಮನ್ ಗಾಡಿಗಳನ್ನೇ ಮಾಡುವ ಗ್ಯಾರೇಜುಗಳು ಬೇಕಾದಷ್ಟಿವೆ. ಒಳ್ಳೆಯವರನ್ನು ಗುರುತಿಸುವುದು ಹೇಗೆ? ಅವರು ಪಾರ್ಟ್ ಬದಲಿಸುವ ಮೊದಲು ಚಾಸಿ ನಂಬರ್ ಕೇಳುತ್ತಾರೆ, ಹಳೇ ಪಾರ್ಟ್ ಡಿಕ್ಕಿಯಲ್ಲಿ ಇಟ್ಟು ಕೊಡುತ್ತಾರೆ, "ಇದು ಇನ್ನೂ ಒಂದು ವರ್ಷ ಓಡುತ್ತೆ ಸಾರ್, ಈಗ ಬೇಡ" ಅಂತ ಹೇಳುವ ಧೈರ್ಯ ಇರುತ್ತದೆ. ನನ್ನ ಮೆಕ್ಯಾನಿಕ್ ಈ ಮೂರನೆಯದರಲ್ಲಿ ಎತ್ತಿದ ಕೈ. ಫೌಂಡೇಶನ್ ಹೋಗಿದೆ ಅಂತ ನಾನೇ ಪಕ್ಕಾ ಮಾಡಿಕೊಂಡು ಹೋದಾಗಲೂ ಗಾಡಿಯನ್ನು ಒಂದು ರೌಂಡ್ ಹೊಡೆಸಿ, "ಸ್ಟೆಬಿಲೈಸರ್ ಲಿಂಕ್ ಸಾರ್, ಸುಮ್ನೆ ಯಾಕೆ ದೊಡ್ಡ ಖರ್ಚು" ಅಂದಿದ್ದರು.

ಪಾರ್ಟ್ಸ್ ವಿಷಯದಲ್ಲಿ ಒಂದು ಗುಟ್ಟು. ಬೆಂಜ್ ಡಬ್ಬಿಯಲ್ಲಿ ಬರುವ ಎಷ್ಟೋ ಪಾರ್ಟ್ಸ್ ಬೇರೆ ಕಂಪನಿಗಳು ಮಾಡಿಕೊಡುವುದು: ಸಸ್ಪೆನ್ಷನ್ ಆರ್ಮ್, ಬಾಲ್ ಜಾಯಿಂಟ್‌ಗಳಿಗೆ ಲೆಮ್‌ಫರ್ಡರ್, ಶಾಕ್ ಅಬ್ಸಾರ್ಬರಿಗೆ ಸ್ಯಾಕ್ಸ್, ಫಿಲ್ಟರಿಗೆ ಮಾನ್, ಸೆನ್ಸರ್ ಮತ್ತು ಇಂಜೆಕ್ಟರಿಗೆ ಬಾಷ್. ಅದೇ ಕಂಪನಿಯ ಡಬ್ಬಿಯಲ್ಲಿ ತಗೊಂಡರೆ ಬೆಲೆ ಎಷ್ಟೋ ಕಡಿಮೆ. ಲೆಮ್‌ಫರ್ಡರ್ ಆರ್ಮ್ ಮೇಲೆ ಕೆಲವೊಮ್ಮೆ ಬೆಂಜ್ ಲಾಂಛನದ ಸ್ಟಾರ್ ಇದ್ದ ಜಾಗವನ್ನು ಉಜ್ಜಿ ತೆಗೆದಿರುವುದೂ ಕಾಣುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಇವೆಲ್ಲ ಸಿಗುತ್ತವೆ, ಇವುಗಳ ಡುಪ್ಲಿಕೇಟೂ ಸಿಗುತ್ತದೆ. ಅದಕ್ಕೇ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ. ನಮ್ಮ ಹಂಪು, ಗುಂಡಿಗಳಿಗೆ ಸಸ್ಪೆನ್ಷನ್ ಬುಷ್ ಅಂತೂ ಖರ್ಚಿನ ಬಾಬ್ತು ಅಂತಲೇ ಬರೆದುಕೊಳ್ಳಿ, ಅಲ್ಲಿ ಅಗ್ಗದ್ದು ಹಾಕಿದರೆ ಕೂಲಿ ಎರಡು ಸಲ.

ದುಡ್ಡಿನ ಲೆಕ್ಕ ನೇರವಾಗಿ ಕೇಳುವವರಿಗೆ: ನಾನು ವರ್ಷಕ್ಕೆ ಒಂದೂವರೆ ಲಕ್ಷ ಬೇರೆ ಖಾತೆಯಲ್ಲಿ ಹಾಕಿಡುತ್ತೇನೆ, ಡೀಸೆಲ್, ಇನ್ಶೂರೆನ್ಸ್ ಬಿಟ್ಟು. ಕೆಲವು ವರ್ಷ ಅರ್ಧವೂ ಖರ್ಚಾಗುವುದಿಲ್ಲ, ಇನ್ನು ಕೆಲವು ವರ್ಷ ಎರಡು ವರ್ಷದ್ದು ಒಟ್ಟಿಗೆ ಹೋಗುತ್ತದೆ. ತಗೊಂಡ ಮೊದಲ ವರ್ಷಕ್ಕೆ ಇದರ ಎರಡರಷ್ಟು ಇಟ್ಟುಕೊಳ್ಳಿ. 6 ಲಕ್ಷ ಇದ್ದರೆ 3 ಲಕ್ಷದ ಗಾಡಿ ನೋಡಿ, ಅಥವಾ ಇನ್ನೂ ಸ್ವಲ್ಪ ಕಾಯಿರಿ. ಇದರಲ್ಲಿ ಇಲಿಯ ಖರ್ಚು ಸೇರಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್ ಇರುವವರಿಗೆ ಇಲಿ ಅಂದರೆ ಏನು ಅಂತ ಗೊತ್ತು. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿಸಿದ್ದೇನೆ, ಇಡೀ ಗಾಡಿ ಅಜ್ಜನ ಜೇಬಿನ ಹಾಗೆ ವಾಸನೆ ಬರುತ್ತದೆ, ವೈರ್ ಮಾತ್ರ ಉಳಿದಿದೆ.

ಇಷ್ಟೆಲ್ಲ ಹೇಳಿದ ಮೇಲೆ "ಹಾಗಾದ್ರೆ ನೀನ್ಯಾಕೆ ಇಟ್ಕೊಂಡಿದ್ದೀಯಾ?" ಅಂತ ಕೇಳುತ್ತಾರೆ. ನೆಲಮಂಗಲ ದಾಟಿ ಹಾಸನದ ದಾರಿ ಹಿಡಿದ ಮೇಲೆ ಈ ಪ್ರಶ್ನೆ ನನಗೆ ನೆನಪಾಗುವುದಿಲ್ಲ. 440 ನ್ಯೂಟನ್ ಮೀಟರ್ ಟಾರ್ಕ್, ಲಾರಿ ದಾಟಿಸಲು ಕಾಲು ಸ್ವಲ್ಪ ಒತ್ತಿದರೆ ಸಾಕು. ಅಮ್ಮ ಹಿಂದಿನ ಸೀಟಿನಲ್ಲಿ ಸಕಲೇಶಪುರದವರೆಗೂ ನಿದ್ದೆ ಮಾಡುತ್ತಾರೆ, ಬೇರೆ ಯಾವ ಗಾಡಿಯಲ್ಲೂ ಅವರಿಗೆ ಸೊಂಟ ನೋವು. ಊರೊಳಗೆ ಮಾತ್ರ ನಾನು ಓಡಿಸುವುದು ಹೆಂಡತಿಯ ವ್ಯಾಗನ್ ಆರ್. ಅದು ಇರುವುದರಿಂದಲೇ ಇದು ಇದೆ. ಬೆಂಜ್ ಒಂದು ವಾರ ಗ್ಯಾರೇಜಿನಲ್ಲಿ ಪಾರ್ಟ್ಸ್‌ಗೆ ಕಾದು ಕೂತರೂ ನಮ್ಮ ಮನೆಯಲ್ಲಿ ಯಾರ ಕೆಲಸವೂ ನಿಲ್ಲುವುದಿಲ್ಲ.

ಹಾಗಾಗಿ ಮನೆಗೆ ಇದೊಂದೇ ಗಾಡಿ ಆಗುವುದಾದರೆ ಬೇಡ ಅಂತಲೇ ಹೇಳುತ್ತೇನೆ. ಬರೀ ಆರಾಮ ಬೇಕು ಅನ್ನುವವರಿಗೆ ಹಳೇ ಟೊಯೋಟಾ ಕ್ಯಾಮ್ರಿ ನೋಡಿ ಅನ್ನುತ್ತೇನೆ, ಕಡಿಮೆ ತಲೆನೋವು. ಆಗ ಬಹಳ ಜನ ಮುಖ ಸಣ್ಣ ಮಾಡುತ್ತಾರೆ, ಅವರಿಗೆ ಬೇಕಿರುವುದು ಬಾನೆಟ್ ಮೇಲಿನ ಸ್ಟಾರ್. ತಪ್ಪೇನಿಲ್ಲ, ನನಗೂ ಇಷ್ಟವೇ. ಆದರೆ ಗಾಡಿ ಬೀದಿಯಲ್ಲಿ ನಿಲ್ಲಿಸುವವರಾದರೆ ಆ ಸ್ಟಾರನ್ನೇ ಯಾರಾದರೂ ಮುರಿದುಕೊಂಡು ಹೋಗುತ್ತಾರೆ, ಡ್ರಾಯರ್‌ನಲ್ಲಿ ಒಂದು ಸ್ಪೇರ್ ಇರಲಿ.