ಖಾಲಿ ಗರ್ಭಕೋಶದಲ್ಲಿ ಕಾದು ಕೂತ ಎನ್‌ಕೆ ಕೋಶಗಳು

ಮಗುವಿನ ವಂಶವಾಹಿಗಳಲ್ಲಿ ಅರ್ಧ ಅಪ್ಪನವು. ಹಾಗಿದ್ದೂ ತಾಯಿಯ ದೇಹ ಅದನ್ನು ಹೊರಗಿನದೆಂದು ಯಾಕೆ ತಳ್ಳುವುದಿಲ್ಲ ಎಂಬ ಪ್ರಶ್ನೆಯನ್ನು ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲೇ ಎತ್ತಿದ್ದರು. ಬಸಿರಲ್ಲಿ ರೋಗನಿರೋಧಕ ಶಕ್ತಿ ಮಂಕಾಗುತ್ತದೆ, ಅದಕ್ಕೇ ಮಗು ಉಳಿಯುತ್ತದೆ ಎನ್ನುವವರು ಈಗಲೂ ಇದ್ದಾರೆ. ಆದರೆ ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿ ರಕ್ತಕಣಗಳ ಪೈಕಿ ಸುಮಾರು 70% ಎನ್‌ಕೆ, ಅಂದರೆ ನ್ಯಾಚುರಲ್ ಕಿಲ್ಲರ್ ಕೋಶಗಳು. ಮಂಕಾದ ಜಾಗದಲ್ಲಿ ಇಷ್ಟು ಜನ ಸೇರುವುದಿಲ್ಲ.

ಹೆಸರು ಕಿಲ್ಲರ್ ಆದರೂ ಇವು ಇಲ್ಲಿ ಕೊಲ್ಲುವುದು ಅಪರೂಪ. ರಕ್ತದ ಎನ್‌ಕೆ ಕೋಶಗಳಲ್ಲಿ ಹೆಚ್ಚಿನವಕ್ಕೆ ಸಿಡಿ16 ಎಂಬ ಮೇಲ್ಮೈ ಪ್ರೋಟೀನ್ ಇರುತ್ತದೆ, ಗರ್ಭಕೋಶದವಕ್ಕೆ ಇರುವುದಿಲ್ಲ. ರಕ್ತ ತೆಗೆದು ಎನ್‌ಕೆ ಎಣಿಸಿದರೆ ಗರ್ಭಕೋಶದ ಸ್ಥಿತಿ ತಿಳಿಯದು. ಆ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಮಾಸಿನಿಂದ ಗರ್ಭಕೋಶದ ಗೋಡೆಗೆ ಒಳನುಗ್ಗುವ ಕೋಶಕ್ಕೆ ಟ್ರೋಫೋಬ್ಲಾಸ್ಟ್ ಎನ್ನುತ್ತಾರೆ. ಅದರ ಮೇಲೆ ಎಚ್‌ಎಲ್‌ಎ, ಅಂದರೆ ತನ್ನದೋ ಹೊರಗಿನದೋ ಎಂದು ತಿಳಿಸುವ ಗುರುತುಗಳಲ್ಲಿ ಎ, ಬಿ ಇಲ್ಲ. ಸಿ, ಇ, ಜಿ ಮಾತ್ರ ಇವೆ. ಎನ್‌ಕೆ ಕೋಶ ತನ್ನ ಮೇಲ್ಮೈಯ ಕೆಐಆರ್ ಎಂಬ ಗ್ರಾಹಕದಿಂದ ಆ ಸಿ ಗುರುತನ್ನು ಓದುತ್ತದೆ. ಆಮೇಲೆ ಅದು ಬಿಡುವ ರಾಸಾಯನಿಕಗಳು ಟ್ರೋಫೋಬ್ಲಾಸ್ಟ್‌ಗೆ ಅಳತೆಯಾಗಿ ದಾರಿ ಬಿಡುತ್ತವೆ, ಮಾಸಿಗೆ ರಕ್ತ ಕೊಡುವ ಸುರುಳಿ ಅಪಧಮನಿಗಳ ಸ್ನಾಯುಗೋಡೆ ಸಡಿಲವಾಗುತ್ತದೆ. ತಾಯಿಯ ಕೆಐಆರ್ ಎಎ ಬಗೆಯದಾಗಿ ಮಗುವಿನ ಸಿ ಗುರುತು ಸಿ2 ಬಗೆಯದಾದರೆ ಎನ್‌ಕೆ ವಿಪರೀತ ತಣ್ಣಗಾಗುತ್ತದೆ, ರಕ್ತನಾಳ ಸಾಕಷ್ಟು ಅಗಲವಾಗುವುದಿಲ್ಲ, ಬಸಿರಲ್ಲಿ ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾ ಕಾಯಿಲೆಯ ಅಪಾಯ ಹೆಚ್ಚುತ್ತದೆ.

ಅಂಡನಾಳದಲ್ಲಿ ಭ್ರೂಣ ಅಂಟಿಕೊಂಡರೆ ಈ ಏರ್ಪಾಟೇ ಇಲ್ಲ. ತೆಳು ಲೋಳೆಪೊರೆ ದಾಟಿದರೆ ಸ್ನಾಯು ಸಿಕ್ಕೇಬಿಡುತ್ತದೆ. ಅಲ್ಲಿ ಟಿ ಕೋಶ, ಮ್ಯಾಕ್ರೋಫೇಜ್‌ನಂಥ ಬೇರೆ ರೋಗನಿರೋಧಕ ಕೋಶಗಳು ಸಿಗುತ್ತವೆ, ಗರ್ಭಕೋಶದ ಬಗೆಯ ಎನ್‌ಕೆ ಕೋಶಗಳು ಇಲ್ಲವೆನ್ನುವಷ್ಟು ಕಡಿಮೆ. ಟ್ರೋಫೋಬ್ಲಾಸ್ಟ್ ತಡೆಯಿಲ್ಲದೆ ಗೋಡೆಯನ್ನೂ ರಕ್ತನಾಳವನ್ನೂ ಕೊರೆಯುತ್ತದೆ, ಕೊನೆಗೆ ಅಂಡನಾಳ ಒಡೆಯಬಹುದು.

ಅದೇ ಹೊತ್ತಿಗೆ ಖಾಲಿ ಗರ್ಭಕೋಶದ ಒಳಪದರ ಪ್ರೊಜೆಸ್ಟರಾನ್ ಹಾರ್ಮೋನಿನ ಮಾತು ಕೇಳಿ ದಪ್ಪಗಾಗಿ, ಎನ್‌ಕೆ ಕೋಶಗಳನ್ನು ತುಂಬಿಸಿಕೊಂಡು ಕಾಯುತ್ತಿರುತ್ತದೆ. ಅಪಾಯ ಇಲ್ಲೇ. ಆ ಪದರ ಒಮ್ಮೊಮ್ಮೆ ಗರ್ಭಕೋಶದ ಅಚ್ಚಿನಂತೆ ಇಡಿಯಾಗಿ ಕಳಚಿ ಬೀಳುತ್ತದೆ. ನೋಡಿದವರು ಗರ್ಭಪಾತವಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ, ಭ್ರೂಣ ಅಂಡನಾಳದಲ್ಲೇ ಉಳಿದಿರುತ್ತದೆ. ಬಿದ್ದ ತುಂಡನ್ನು ಎಸೆಯದೆ ಪೆಥಾಲಜಿಗೆ ಕಳಿಸಿ. ವರದಿಯಲ್ಲಿ ಡೆಸಿಡುವಾ (ದಪ್ಪಗಾದ ಆ ಒಳಪದರ) ಮಾತ್ರ ಇದ್ದು ಕೋರಿಯಾನಿಕ್ ವಿಲ್ಲೈ (ಮಾಸಿನ ಎಳೆಗಳು) ಕಾಣದಿದ್ದರೆ 48 ಗಂಟೆ ಅಂತರದಲ್ಲಿ ಬಸಿರಿನ ಹಾರ್ಮೋನಾದ ಎಚ್‌ಸಿಜಿಯ ರಕ್ತಪರೀಕ್ಷೆ ಮತ್ತೆ ಮಾಡಿಸಬೇಕು, ಯೋನಿ ಮಾರ್ಗದ ಸ್ಕ್ಯಾನ್‌ನಲ್ಲಿ ಅಂಡನಾಳಗಳಲ್ಲಿ ಹುಡುಕಬೇಕು. ನಡುವೆ ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ವರದಿಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.