ಪೈಪ್ ತಿರುವಿನಲ್ಲಿ ಹನಿಗಳು: ಸಿಮ್ಯುಲೇಶನ್ ಎಲ್ಲಿಗೆ ಬಂತು

ಗಾಳಿ, ನೀರಿನ ಹನಿ ಎರಡೂ ಒಟ್ಟಿಗೆ ಪೈಪಿನಲ್ಲಿ ಹೋಗುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ನನ್ನ ಸಿಮ್ಯುಲೇಶನ್ ಈಗ ತಿರುವಿನವರೆಗೆ ಬಂದಿದೆ. ಪೈಪಿನ ಒಳವ್ಯಾಸ 50 ಮಿ.ಮೀ., ತಿರುವು 90 ಡಿಗ್ರಿ, ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್. ಹರಿವು ನಯವೋ ಸುಳಿಸುಳಿಯೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 33,000. ಅಂದರೆ ಹರಿವು ಪೂರ್ತಿ ಟರ್ಬ್ಯುಲೆಂಟ್ (ಸುಳಿಸುಳಿ). ಬಳಸುತ್ತಿರುವ ಹರಿವಿನ ಲೆಕ್ಕದ ಸಾಫ್ಟ್‌ವೇರ್ ಓಪನ್‌ಫೋಮ್. ಪುಕ್ಕಟೆ ಸಿಗುತ್ತದೆ, ನನ್ನ ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಫ್ಯಾನಿನ ಸದ್ದಿಗೆ ಮನೆಯವರು ಗೊಣಗುತ್ತಾರೆ, ಅದು ಬೇರೆ ವಿಷಯ.

ಪೈಪಿನ ಒಳಜಾಗವನ್ನು ಪುಟ್ಟ ಪುಟ್ಟ ಕೋಶಗಳಾಗಿ ಹಂಚಿದ ಮೆಶ್ ಮೇಲೆ ಗಾಳಿಯನ್ನು ಲೆಕ್ಕ ಹಾಕಿ, ಹನಿಗಳನ್ನು ಬಿಡಿಬಿಡಿಯಾಗಿ ಹಿಂಬಾಲಿಸುತ್ತಿದ್ದೇನೆ. ಹನಿಗಳು ಕಮ್ಮಿ ಇರುವುದರಿಂದ ಅವು ಗಾಳಿಯ ಮೇಲೆ ಮಾಡುವ ಪರಿಣಾಮವನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ಡ್ರ್ಯಾಗ್‌ಗೆ (ಹನಿಯ ಮೇಲೆ ಗಾಳಿಯ ಎಳೆತಕ್ಕೆ) ಶಿಲ್ಲರ್–ನೌಮನ್ ಸೂತ್ರ.

ಇಲ್ಲಿ ಆಟ ಆಡಿಸುವುದು ಹನಿಯ ಗಾತ್ರ. ಗಾಳಿ ದಿಕ್ಕು ಬದಲಿಸಿದರೆ 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹನಿ ಸುಮಾರು 0.3 ಮಿಲಿಸೆಕೆಂಡಿನಲ್ಲಿ ಹೊಂದಿಕೊಳ್ಳುತ್ತದೆ. ಈ ಸಮಯ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ 20 ಮೈಕ್ರಾನ್ ಹನಿಗೆ ನಾಲ್ಕು ಪಟ್ಟು ಬೇಕು. ಅಷ್ಟರಲ್ಲಿ ತಿರುವಿನ ಹೊರಗೋಡೆ ಎದುರಿಗೆ ಬಂದಿರುತ್ತದೆ!

ತಾಳೆ ನೋಡಲು ಪುಯಿ ಮತ್ತು ಸಂಗಡಿಗರು 1987ರಲ್ಲಿ ಪ್ರಯೋಗ ಮಾಡಿ ಕೊಟ್ಟ ಸೂತ್ರ ಇದೆ. ಅದರ ಪ್ರಕಾರ ನನ್ನ ಪೈಪಿನ ತಿರುವಿನಲ್ಲಿ 10 ಮೈಕ್ರಾನ್ ಹನಿಗಳಲ್ಲಿ ಸುಮಾರು 24%, 20 ಮೈಕ್ರಾನ್‌ನಲ್ಲಿ 67% ಗೋಡೆಗೆ ಅಂಟಬೇಕು. 20ಕ್ಕೆ ನನ್ನ ಲೆಕ್ಕ ಚೆನ್ನಾಗಿಯೇ ಕೂತಿತು. 10ಕ್ಕೆ ಸ್ವಲ್ಪ ಜಾಸ್ತಿ ಬಂತು. ತಲೆಬಿಸಿ ಮಾಡಿದ್ದು 1 ಮೈಕ್ರಾನ್. ಸೂತ್ರ ಸುಮಾರು 0.3% ಅನ್ನುತ್ತದೆ. ನನ್ನ ಹನಿಗಳು ತಿರುವು ಬರುವ ಮೊದಲೇ, ನೇರ ಪೈಪಿನಲ್ಲೇ ದಂಡಿಯಾಗಿ ಅಂಟಿಕೊಂಡವು.

ಕಾರಣ ಟರ್ಬ್ಯುಲೆನ್ಸ್ ಮಾಡೆಲ್, ಅಂದರೆ ಸುಳಿಗಳ ಸರಾಸರಿ ಪರಿಣಾಮವನ್ನು ಅಂದಾಜಿಸುವ ಸೂತ್ರಗಳು. ಕೆ-ಎಪ್ಸಿಲಾನ್ ಎಂಬ ಮಾಡೆಲ್ ಬಳಸಿದಾಗ ಹನಿಗೆ ಎಲ್ಲ ದಿಕ್ಕಿನಲ್ಲೂ ಒಂದೇ ಅಳತೆಯ ರ್‍ಯಾಂಡಮ್ ತಳ್ಳು ಸಿಗುತ್ತದೆ. ನಿಜವಾದ ಹರಿವಿನಲ್ಲಿ ಗೋಡೆ ಹತ್ತಿರವಾದಂತೆ ಗೋಡೆಯ ಕಡೆಗಿನ ಏರಿಳಿತ ಬೇಗ ಸಾಯುತ್ತದೆ. ಗೋಡೆಯ ಒಳಕ್ಕೆ ಗಾಳಿ ನುಗ್ಗಲು ಆಗಲ್ಲ ಅಲ್ವಾ? ಮಾಡೆಲ್‌ಗೆ ಅದು ಗೊತ್ತಿಲ್ಲ. ಸುಮ್ನೆ ಮೆಶ್ ಸಣ್ಣ ಮಾಡಿದರೆ ಇದು ಹೋಗುವುದಿಲ್ಲ.

ಗೋಡೆಯಿಂದ ಇರುವ ದೂರ ನೋಡಿ ಆ ಒಂದು ದಿಕ್ಕಿನ ತಳ್ಳನ್ನು ಮಾತ್ರ ತಗ್ಗಿಸುವ ಪುಟ್ಟ ಕೋಡ್ ಸೇರಿಸಿದೆ. 1 ಮೈಕ್ರಾನ್ ಹನಿಗಳು ಗೋಡೆ ಬಿಟ್ಟು ಮುಂದೆ ಸಾಗುತ್ತಿವೆ. 20 ಮೈಕ್ರಾನ್‌ನ ಉತ್ತರ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಅದನ್ನು ಗೋಡೆಗೆ ಹೊಡೆಸುವುದು ಅದರದೇ ವೇಗ.

ಸದ್ಯ ಗೋಡೆಗೆ ತಗುಲಿದ ಹನಿಯನ್ನು ಲೆಕ್ಕದಿಂದ ತೆಗೆದುಬಿಡುತ್ತಿದ್ದೇನೆ. ನಿಜದಲ್ಲಿ ಅಲ್ಲಿ ನೀರಿನ ಪದರ ಕಟ್ಟುತ್ತದೆ, ಗಾಳಿಯ ವೇಗ ಜಾಸ್ತಿಯಾದರೆ ಅದೇ ಪದರ ಹರಿದು ಮತ್ತೆ ಹನಿಯಾಗುತ್ತದೆ. ಅದಕ್ಕೆ ಕೈ ಹಾಕುವ ಮೊದಲು ಒಂದೇ ಗಾತ್ರದ ಹನಿಗಳ ಬದಲು, ರೋಸಿನ್–ರಾಮ್ಲರ್ ಹಂಚಿಕೆಯ (ಯಾವ ಗಾತ್ರದ ಹನಿ ಎಷ್ಟು ಎಂದು ಹೇಳುವ ಸೂತ್ರ) ಮಿಶ್ರ ಗಾತ್ರಗಳನ್ನು ಓಡಿಸಬೇಕು.